ಕುರ್ಚಿಗಳ ಲೆಕ್ಕ, ಹಿತ್ತಾಳೆಯ ನಾದ: ಮ್ಯೂಸಿಕಲ್ ನಾಟಕಗಳ ಪಿಟ್‌ನಲ್ಲಿ ಅಪರೂಪದ ವಾದ್ಯಗಳು

ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು ಲಂಡನ್ನಿನ ವೆಸ್ಟ್ ಎಂಡ್ ರಂಗಮಂದಿರಗಳಲ್ಲಿ ನಡೆಯುವ ಮ್ಯೂಸಿಕಲ್‌ಗಳು ಮಾತು, ಹಾಡು, ಕುಣಿತಗಳನ್ನು ಒಂದೇ ಕಥೆಯಲ್ಲಿ ಹೆಣೆದ ನಾಟಕಗಳು. ಅವುಗಳನ್ನು ಕುರಿತ ಬರಹಗಳು ಬಹುಮಟ್ಟಿಗೆ ಗೀತರಚನೆ, ನಟನೆ ಮತ್ತು ದೃಶ್ಯವೈಭವಗಳ ಸುತ್ತಲೇ ಸುಳಿಯುತ್ತವೆ. ವೇದಿಕೆಯ ಮುಂದೆ, ಪ್ರೇಕ್ಷಕರು ಕೂರುವ ನೆಲಮಟ್ಟಕ್ಕಿಂತ ಕೆಳಗಿರುವ ‘ಪಿಟ್’ ಎಂಬ ಇಕ್ಕಟ್ಟಾದ ತಗ್ಗಿನಲ್ಲಿ ಕುಳಿತು ನುಡಿಸುವವರತ್ತ ಅವು ಕಣ್ಣು ಹಾಯಿಸುವುದು ಕಡಿಮೆ. ಆ ತಗ್ಗಿನಲ್ಲಿ ಹಿತ್ತಾಳೆ ವಾದ್ಯಗಳಿಗೆ ರೂಢಿಯಾದ ಪಟ್ಟಿಯೊಂದಿದೆ: ಎರಡು ಮೂರು ಟ್ರಂಪೆಟ್, ಒಂದೆರಡು ಟ್ರಾಂಬೋನ್, ಹಣ ಮತ್ತು ಜಾಗ ಒದಗಿದರೆ ಫ್ರೆಂಚ್ ಹಾರ್ನ್. ಈ ಪಟ್ಟಿಯ ಅಂಚಿನಲ್ಲಿಯೋ ಆಚೆಯೋ ಉಳಿದಿರುವ ಕಾರ್ನೆಟ್, ಫ್ಲೂಗಲ್‌ಹಾರ್ನ್, ಯುಫೋನಿಯಂ, ಟ್ಯೂಬಾ, ಒಫಿಕ್ಲೈಡ್‌ಗಳಂಥ ವಾದ್ಯಗಳು ಯಾವ ಕಾರಣದಿಂದ ಪಿಟ್ ಸೇರಿದವು, ಯಾವ ಒತ್ತಡದಿಂದ ಹೊರಬಿದ್ದವು ಎಂಬುದು ಈ ಸಮೀಕ್ಷೆಯ ವಿಷಯ. ಸಂಯೋಜಕನ ಕಲ್ಪನೆ ಈ ಆಗಮನ ನಿರ್ಗಮನಗಳನ್ನು ನಿರ್ಧರಿಸಿದ್ದು ಸ್ವಲ್ಪಮಟ್ಟಿಗೆ ಮಾತ್ರ. ಪಿಟ್‌ನಲ್ಲಿ ಎಷ್ಟು ಕುರ್ಚಿಗಳಿವೆ, ಒಂದು ಕುರ್ಚಿಯಲ್ಲಿ ಕುಳಿತವನ ಕೈಗೆ ಎಷ್ಟು ವಾದ್ಯಗಳನ್ನು ಕೊಡಬಹುದು ಎಂಬ ಲೆಕ್ಕವೇ ಹೆಚ್ಚಾಗಿ ನಿರ್ಧರಿಸಿದೆ. ಆ ಲೆಕ್ಕದೊಳಗೇ ನಾದವನ್ನು ಹುಡುಕಿದ ವಾದ್ಯಸಂಯೋಜಕರಿಗೆ, ಎಂದರೆ ಸಂಯೋಜಕನ ರಾಗವನ್ನು ಯಾವ ವಾದ್ಯ ಎಲ್ಲಿ ನುಡಿಸಬೇಕೆಂದು ಹಂಚಿ ಬರೆಯುವವರಿಗೆ, ಸಲ್ಲಬೇಕಾದ ಮನ್ನಣೆ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ಹಿತ್ತಾಳೆ ವಾದ್ಯವೆಂಬ ಹೆಸರು ಲೋಹವನ್ನು ಸೂಚಿಸಿದರೂ ಕುಟುಂಬದ ನಿಜವಾದ ಲಕ್ಷಣ ತುಟಿಗಳ ಕಂಪನ: ನುಡಿಸುವವನ ತುಟಿಗಳು ಅದುರಿ, ಆ ಅದುರುವಿಕೆ ಕೊಳವೆಯೊಳಗಿನ ಗಾಳಿಯನ್ನು ನಾದವಾಗಿಸುತ್ತದೆ. ಈ ಅರ್ಥದಲ್ಲಿ ಕರ್ನಾಟಕದ ಕೊಂಬು, ಕಹಳೆ ಮತ್ತು ದೇವಾಲಯದ ಶಂಖಗಳೂ ಇದೇ ಕುಟುಂಬದವು. ಮರದಿಂದ ಮಾಡಿ ತೊಗಲು ಹೊದಿಸಿದ, ಹಾವಿನಂತೆ ಬಳುಕಿದ ಯೂರೋಪಿನ ಸರ್ಪೆಂಟ್ ಕೂಡ ಇದರೊಳಗೇ ಸೇರುತ್ತದೆ. ಕುಟುಂಬದೊಳಗಿನ ವ್ಯತ್ಯಾಸಗಳು ಮುಖ್ಯವಾಗಿ ಕೊಳವೆಯ ಉದ್ದ ಮತ್ತು ಒಳಗಿನ ಆಕಾರದಿಂದ ಹುಟ್ಟುತ್ತವೆ. ಟ್ರಂಪೆಟ್, ಕಾರ್ನೆಟ್, ಫ್ಲೂಗಲ್‌ಹಾರ್ನ್ ಮೂರರ ಕೊಳವೆಯನ್ನೂ ಬಿಡಿಸಿ ನೇರಗೊಳಿಸಿದರೆ ಸುಮಾರು ಒಂದೂವರೆ ಮೀಟರ್ ಉದ್ದವೇ ಬರುತ್ತದೆ; ಆದರೆ ಟ್ರಂಪೆಟ್‌ನ ಕೊಳವೆ ಬಹುಪಾಲು ಒಂದೇ ಅಗಲವನ್ನು ಉಳಿಸಿಕೊಳ್ಳುವುದರಿಂದ ಅದರ ನಾದ ಚೂಪಾಗಿ ಹೊಳೆಯುತ್ತದೆ, ಫ್ಲೂಗಲ್‌ಹಾರ್ನಿನ ಕೊಳವೆ ಕ್ರಮೇಣ ಅಗಲವಾಗುತ್ತ ಹೋಗುವುದರಿಂದ ಅದರ ನಾದ ಮೆತ್ತಗೆ, ತುಸು ಮಬ್ಬಾಗಿ ಹರಡಿಕೊಳ್ಳುತ್ತದೆ, ಕಾರ್ನೆಟ್ ಇವೆರಡರ ನಡುವೆ ನಿಲ್ಲುತ್ತದೆ. ಟ್ರಾಂಬೋನ್ ಮತ್ತು ಯುಫೋನಿಯಂಗಳ ಸಂಬಂಧವೂ ಇಂಥದ್ದೇ: ಎರಡರ ಉದ್ದವೂ ಸುಮಾರು 2.7 ಮೀಟರ್, ಆದರೆ ಅಗಲವಾಗುತ್ತ ಹೋಗುವ ಯುಫೋನಿಯಂನ ದನಿ ಮಾನವ ಕಂಠಕ್ಕೆ, ಅದರಲ್ಲೂ ಪುರುಷ ಗಾಯಕನ ಮಧ್ಯಮ ಸ್ತರದ ದನಿಗೆ, ಬಹಳ ಹತ್ತಿರ. ಮ್ಯೂಸಿಕಲ್‌ನಂಥ ಹಾಡಿನ ಕಲೆಗೆ ಇಷ್ಟು ಒಪ್ಪುವ ವಾದ್ಯವೇ ಪಿಟ್‌ನಲ್ಲಿ ಅತಿ ವಿರಳವಾಗಿ ಕೇಳಿಸುತ್ತದೆ ಎಂಬುದು ಈ ಇಡೀ ಪ್ರಶ್ನೆಯ ಒಂದು ದುಃಖಕರ ಮುಖ.

ಯಾವುದು ಅಪರೂಪ ಎಂಬುದು ಕಾಲದಿಂದ ಕಾಲಕ್ಕೆ ಬದಲಾಗಿದೆ. ಮ್ಯೂಸಿಕಲ್‌ನ ಪೂರ್ವಜರಾದ ಹತ್ತೊಂಬತ್ತನೆಯ ಶತಮಾನದ ಲಘು ಒಪೆರಾಗಳಲ್ಲಿ ಟ್ರಂಪೆಟ್ ಅಪರೂಪದ್ದಾಗಿತ್ತು, ಕಾರ್ನೆಟ್ ದಿನನಿತ್ಯದ್ದಾಗಿತ್ತು. 1858ರಲ್ಲಿ ಪ್ಯಾರಿಸ್‌ನಲ್ಲಿ ‘ಓರ್ಫೆ ಓ ಜಾನ್‌ಫೆರ್’ ಪ್ರದರ್ಶಿಸಿದ ಓಫನ್‌ಬಾಖ್ ತನ್ನ ಸಣ್ಣ ರಂಗಮಂದಿರಕ್ಕೆ ಎರಡು ಹಾರ್ನ್, ಎರಡು ಕಾರ್ನೆಟ್ ಮತ್ತು ಒಂದೇ ಟ್ರಾಂಬೋನ್ ಇಟ್ಟುಕೊಂಡಿದ್ದನು. ಲಂಡನ್ನಿನಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ನರ ಒಪೆರಾಗಳೂ ಕಾರ್ನೆಟ್‌ಗಳಿಗಾಗಿಯೇ ಬರೆಯಲ್ಪಟ್ಟವು. ಅವುಗಳ ಪಿಟ್‌ನಲ್ಲಿ ಮೊದಲಿಗೆ ಇದ್ದದ್ದು ಎರಡು ಟ್ರಾಂಬೋನ್‌ಗಳು, ಮೂರನೆಯದು ಸೇರಿದ್ದು 1888ರಲ್ಲಿ ಸೆವಾಯ್ ರಂಗಮಂದಿರದಲ್ಲಿ ‘ದಿ ಯೋಮನ್ ಆಫ್ ದಿ ಗಾರ್ಡ್’ ರಂಗವೇರಿದಾಗ. ಆ ಮೂರನೆಯ ಟ್ರಾಂಬೋನ್‌ನಿಂದ ಕೆಳಸ್ತರದಲ್ಲಿ ಮೂರು ದನಿಗಳ ಪೂರ್ಣ ಮೇಳ ಸಾಧ್ಯವಾಗಿ, ಲಂಡನ್ ಕೋಟೆಯ ಹಿನ್ನೆಲೆಯ ಆ ಕಥೆಗೆ ಬೇಕಾದ ಗಾಂಭೀರ್ಯ ಒದಗಿತು. ಒಂದು ಕುರ್ಚಿ ಹೆಚ್ಚಾದರೆ ನಾಟಕದ ಬಣ್ಣವೇ ಬದಲಾಗುತ್ತದೆ ಎಂಬುದಕ್ಕೆ ಇದು ಹಳೆಯ ಮತ್ತು ಸ್ಪಷ್ಟವಾದ ನಿದರ್ಶನ. ಇಂದು ಇದೇ ಕೃತಿಗಳನ್ನು ಆಡುವಾಗ ಕಾರ್ನೆಟ್‌ಗಳ ಸಾಲನ್ನು ಬಹುಮಟ್ಟಿಗೆ ಟ್ರಂಪೆಟ್‌ಗಳೇ ನುಡಿಸುತ್ತವೆ. ಸ್ವರಗಳು ತಪ್ಪುವುದಿಲ್ಲ, ಆದರೆ ಹಾಡುಗಾರರ ಜೊತೆಗೆ ಬೆರೆತು ಹೋಗಬೇಕಾದ ದನಿ ಅವರ ಮೇಲೆ ಹೊಳೆದು ನಿಲ್ಲುತ್ತದೆ. ಇದನ್ನು ಸಣ್ಣ ಬದಲಾವಣೆಯೆಂದು ತಳ್ಳಿಹಾಕುವುದು ಸರಿಯಲ್ಲ.

ಒಫಿಕ್ಲೈಡ್‌ನ ಕಥೆ ಇನ್ನೂ ತೀವ್ರವಾದದ್ದು. 1817ರ ವೇಳೆಗೆ ಪ್ಯಾರಿಸ್‌ನಲ್ಲಿ ರೂಪುಗೊಂಡ ಈ ವಾದ್ಯ ಸ್ಯಾಕ್ಸೋಫೋನಿನಂತೆ ಪಕ್ಕದಲ್ಲಿ ರಂಧ್ರಗಳನ್ನೂ ಅವುಗಳನ್ನು ಮುಚ್ಚಿ ತೆರೆಯುವ ಕೀಲಿಗಳನ್ನೂ ಹೊಂದಿದ್ದ, ತುಟಿಯಿಂದ ನುಡಿಸುವ ತಗ್ಗುದನಿಯ ಕೊಳವೆ. ಮೆಂಡೆಲ್ಸನ್ ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕಕ್ಕೆ ಒದಗಿಸಿದ ಸಂಗೀತದಲ್ಲಿ, ಎಂದರೆ 1843ರಲ್ಲಿ ಪಾಟ್ಸ್‌ಡಾಮ್‌ನಲ್ಲಿ ರಂಗದ ಮೇಲೆ ಕೇಳಿಬಂದ ಸಂಗೀತದಲ್ಲಿ, ಈ ವಾದ್ಯಕ್ಕೆ ಸ್ಥಾನವಿದೆ. ಕಿನ್ನರರ ತೆಳುವಾದ ತಂತಿನಾದದ ಕೆಳಗೆ ಅದರ ಒರಟು ದನಿ ಕುಶಲಕರ್ಮಿಗಳ ಲೋಕವನ್ನು ನೆಲಕ್ಕೆ ಕಟ್ಟಿ ನಿಲ್ಲಿಸುತ್ತದೆ. ಈ ನಡುವೆ 1835ರಲ್ಲಿ ಬರ್ಲಿನ್ನಿನಲ್ಲಿ ವೀಪ್ರೆಕ್ಟ್ ಮತ್ತು ಮೊರಿಟ್ಸ್ ಸೇರಿ ಟ್ಯೂಬಾವನ್ನು ಪೇಟೆಂಟ್ ಮಾಡಿದ್ದರು. ಗಾಳಿಯ ದಾರಿಯನ್ನು ಉದ್ದಗೊಳಿಸಿ ಸ್ವರ ಬದಲಿಸುವ ಬಿರಡೆಗಳಾದ ವಾಲ್ವ್‌ಗಳುಳ್ಳ ಈ ವಾದ್ಯ ಎಲ್ಲ ಸ್ವರಗಳನ್ನೂ ಸಮನಾಗಿ ನುಡಿಸಬಲ್ಲದ್ದಾಗಿದ್ದರಿಂದ ಒಫಿಕ್ಲೈಡ್ ಶತಮಾನದ ಕೊನೆಯ ಹೊತ್ತಿಗೆ ಹಿಂದೆ ಸರಿಯಿತು. ಈಗ ಮೆಂಡೆಲ್ಸನ್ನನ ಆ ಸಾಲುಗಳನ್ನು ಸಾಮಾನ್ಯವಾಗಿ ಟ್ಯೂಬಾ ನುಡಿಸುತ್ತದೆ.

ಟ್ಯೂಬಾಕ್ಕೆ ಅಮೆರಿಕದ ಪಿಟ್‌ನಲ್ಲಿ ನೆಲೆ ಸಿಕ್ಕಿದ ಕಾಲವನ್ನು ಇಪ್ಪತ್ತನೆಯ ಶತಮಾನದ ನಡುಭಾಗವೆನ್ನಬಹುದು. ಗರ್ಶ್‌ವಿನ್ನನ ‘ಪೋರ್ಗಿ ಅಂಡ್ ಬೆಸ್’ (1935) ಅದನ್ನು ಒಪೆರಾ ಪರಂಪರೆಯಿಂದ ತಂದುಕೊಂಡಿತು. ಡಾನ್ ವಾಕರ್ ವಾದ್ಯಸಂಯೋಜಿಸಿದ ‘ಕ್ಯಾರಸೆಲ್’ (1945), ರಾಬರ್ಟ್ ರಸಲ್ ಬೆನೆಟ್ ಕೈಯಾಡಿಸಿದ ‘ಸೌತ್ ಪೆಸಿಫಿಕ್’ (1949), ‘ದಿ ಕಿಂಗ್ ಅಂಡ್ ಐ’ (1951), ‘ಮೈ ಫೇರ್ ಲೇಡಿ’ (1956), ‘ದಿ ಸೌಂಡ್ ಆಫ್ ಮ್ಯೂಸಿಕ್’ (1959) ಇವೆಲ್ಲವುಗಳಲ್ಲಿ ಟ್ಯೂಬಾಕ್ಕೆ ತನ್ನದೇ ಕುರ್ಚಿಯಿತ್ತು. ಇದರ ಕಾರಣ ವೈಭವದ ಆಸೆಯೊಂದೇ ಅಲ್ಲ. ಧ್ವನಿವರ್ಧಕಗಳು ಪಿಟ್‌ನ ಧ್ವನಿಯನ್ನು ಇನ್ನೂ ಹೊತ್ತೊಯ್ಯದಿದ್ದ ಆ ಕಾಲದಲ್ಲಿ ಸಾವಿರಕ್ಕೂ ಹೆಚ್ಚು ಜನ ಕುಳಿತ ಸಭಾಂಗಣದಲ್ಲಿ ತಂತಿಯ ಡಬಲ್ ಬೇಸ್‌ನ ಕೆಳಸ್ವರಗಳು ಹಿಂದಿನ ಸಾಲುಗಳಿಗೆ ತಲುಪುವಾಗ ತೆಳುವಾಗುತ್ತಿದ್ದವು. ಅದೇ ಸ್ವರಗಳನ್ನು ಮೆಲುವಾಗಿ ಒತ್ತಿ ಹಿಡಿದ ಟ್ಯೂಬಾ, ತಾನು ಇದೆಯೆಂದು ತೋರಿಸಿಕೊಳ್ಳದೆ, ಇಡೀ ವೃಂದಕ್ಕೆ ತಳ ಒದಗಿಸುತ್ತಿತ್ತು. ಬೆನೆಟ್‌ನ ಬರವಣಿಗೆಯ ಸೊಗಸು ಇರುವುದು ಈ ಸಂಯಮದಲ್ಲಿ: ಟ್ಯೂಬಾ ನಗೆಯುಕ್ಕಿಸುವ ವಾದ್ಯವೆಂಬ ರೂಢಿಯ ಭಾವನೆಯನ್ನು ಅವನು ಹೆಚ್ಚು ಬಳಸಲಿಲ್ಲ, ಅದನ್ನು ಕಟ್ಟಡದ ಅಡಿಪಾಯವಾಗಿಸಿದನು.

ಇದೇ ದಶಕಗಳ ಅತಿ ದೊಡ್ಡ ಹಿತ್ತಾಳೆ ಮ್ಯೂಸಿಕಲ್ ಮಾತ್ರ ಬೇರೆ ದಾರಿ ಹಿಡಿಯಿತು. ಯೌವನದಲ್ಲಿ ಜಾನ್ ಫಿಲಿಪ್ ಸೂಸಾನ ಪ್ರಸಿದ್ಧ ಬ್ಯಾಂಡ್‌ನಲ್ಲಿ ಕೊಳಲು ನುಡಿಸಿದ್ದ ಮೆರೆಡಿತ್ ವಿಲ್ಸನ್ ರಚಿಸಿದ ‘ದಿ ಮ್ಯೂಸಿಕ್ ಮ್ಯಾನ್’ (1957) ಅಯೋವಾ ರಾಜ್ಯದ ಸಣ್ಣ ಊರೊಂದಕ್ಕೆ ಬರುವ ವಂಚಕ ಮಾರಾಟಗಾರನು ಮಕ್ಕಳ ಬ್ಯಾಂಡ್ ಕಟ್ಟಿಕೊಡುತ್ತೇನೆಂದು ನಂಬಿಸುವ ಕಥೆ. ಅದರ ಎಲ್ಲಕ್ಕಿಂತ ಹೆಸರಾದ ಹಾಡು ಎಪ್ಪತ್ತಾರು ಟ್ರಾಂಬೋನ್‌ಗಳನ್ನು ಕಣ್ಣ ಮುಂದೆ ನಿಲ್ಲಿಸುತ್ತದೆ. ಒಂದೇ ವಾದ್ಯದಲ್ಲಿ ಎರಡು ಹೊರಬಾಯಿಗಳಿದ್ದು, ವಾಲ್ವ್ ಒತ್ತಿ ದನಿಯನ್ನು ಒಂದರಿಂದ ಇನ್ನೊಂದಕ್ಕೆ ಹರಿಸಬಹುದಾಗಿದ್ದ ಇಮ್ಮುಖ ಯುಫೋನಿಯಂ ಕೂಡ ಅದರಲ್ಲಿ ಹೆಸರಾಗಿ ಬರುತ್ತದೆ. ಆದರೆ ಡಾನ್ ವಾಕರ್ ಆ ನಾಟಕಕ್ಕೆ ಸಿದ್ಧಪಡಿಸಿದ ಪಿಟ್‌ನಲ್ಲಿದ್ದ ಹಿತ್ತಾಳೆ ಮೂರು ಟ್ರಂಪೆಟ್ ಮತ್ತು ಮೂರು ಟ್ರಾಂಬೋನ್ ಮಾತ್ರ: ಯುಫೋನಿಯಂ ಇಲ್ಲ, ಟ್ಯೂಬಾ ಇಲ್ಲ, ಫ್ರೆಂಚ್ ಹಾರ್ನೂ ಇಲ್ಲ. ಇದನ್ನು ಕೊರತೆಯೆಂದು ಕರೆಯುವ ಮೊದಲು ಕಥೆಯನ್ನು ನೆನೆಯಬೇಕು. ಊರಿನವರು ಕೇಳುವುದು ಇಲ್ಲದ ಬ್ಯಾಂಡನ್ನು. ಮಾತಿನ ಮೋಡಿಯಿಂದ ಹುಟ್ಟಿದ ಆ ಬ್ಯಾಂಡನ್ನು ಆರೇ ಜನರ ಹಿತ್ತಾಳೆಯಿಂದ ಪ್ರೇಕ್ಷಕರ ಕಿವಿಯಲ್ಲಿ ಎಪ್ಪತ್ತಾರಾಗಿ ಬೆಳೆಸಿದ್ದು ವಾದ್ಯಸಂಯೋಜನೆಯ ಇತಿಹಾಸದಲ್ಲಿ ದೊಡ್ಡ ಸಾಧನೆಯೇ ಸರಿ.

ಕುರ್ಚಿಗಳು ಕಡಿಮೆಯಿದ್ದಾಗ ಅಪರೂಪದ ವಾದ್ಯಗಳಿಗೆ ಉಳಿಯುವ ಬಾಗಿಲು ‘ಡಬ್ಲಿಂಗ್’, ಎಂದರೆ ಒಬ್ಬನೇ ವಾದಕ ಒಂದೇ ಪ್ರದರ್ಶನದಲ್ಲಿ ಎರಡು ಮೂರು ವಾದ್ಯಗಳನ್ನು ಸರದಿಯಂತೆ ನುಡಿಸುವ ಪದ್ಧತಿ. ಕ್ಲಾರಿನೆಟ್, ಕೊಳಲು, ಸ್ಯಾಕ್ಸೋಫೋನ್‌ಗಳ ವಾದಕರಲ್ಲಿ ಇದು ಎಷ್ಟು ಸಹಜವಾಗಿದೆಯೆಂದರೆ ಅವರ ಸ್ವರಪುಸ್ತಕಗಳಿಗೆ ವಾದ್ಯದ ಹೆಸರೇ ಇರುವುದಿಲ್ಲ, ‘ರೀಡ್’ ಎಂಬ ಪದದ ಮುಂದೆ ಬರಿಯ ಸಂಖ್ಯೆಯಿರುತ್ತದೆ. ಹಿತ್ತಾಳೆಯಲ್ಲಿ ಅದು ಅಷ್ಟು ಸುಲಭವಲ್ಲ. ತುಟಿ ಒತ್ತುವ ಮೌತ್‌ಪೀಸ್ ಎಂಬ ಬಟ್ಟಲಿನ ಒಳ ಅಗಲ ಟ್ರಂಪೆಟ್‌ನಲ್ಲಿ 16ರಿಂದ 17 ಮಿಲಿಮೀಟರ್, ಟ್ರಾಂಬೋನಿನಲ್ಲಿ ಸುಮಾರು 25, ಟ್ಯೂಬಾದಲ್ಲಿ 32ರ ಆಸುಪಾಸು; ಒಂದರ ಸ್ನಾಯುಬಿಗಿ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಟ್ರಂಪೆಟ್ ವಾದಕನಿಗೆ ಕಾರ್ನೆಟ್, ಫ್ಲೂಗಲ್‌ಹಾರ್ನ್ ಅಥವಾ ಟ್ರಂಪೆಟ್‌ನ ಅರ್ಧದಷ್ಟು ಉದ್ದದ ಪಿಕಲೋ ಟ್ರಂಪೆಟ್ ಕೊಡಬಹುದು, ಬೇಸ್ ಟ್ರಾಂಬೋನ್ ವಾದಕನಿಗೆ ಟ್ಯೂಬಾ ಕೊಡಬಹುದು, ಆದರೆ ಫ್ರೆಂಚ್ ಹಾರ್ನ್ ವಾದಕನಿಗೆ ಬೇರೇನನ್ನಾದರೂ ಕೊಡುವುದು ತೀರ ವಿರಳ. ಇದರ ಮೇಲೆ ತಾಪಮಾನದ ತೊಡಕೂ ಇದೆ: ಹತ್ತು ನಿಮಿಷ ನೆಲದ ಮೇಲೆ ತಣ್ಣಗೆ ಕೂತಿದ್ದ ಟ್ಯೂಬಾವನ್ನು ಎತ್ತಿ ಒಡನೆಯೇ ನುಡಿಸಿದರೆ ಸ್ವರ ಇಳಿದು ಕೇಳಿಸುತ್ತದೆ, ಏಕೆಂದರೆ ತಣ್ಣನೆಯ ಗಾಳಿಯಲ್ಲಿ ಶಬ್ದದ ವೇಗ ಕಡಿಮೆ. ಅನುಭವಿ ವಾದಕರು ತಮ್ಮ ಸರದಿಗೆ ಕೆಲವು ಸಾಲುಗಳ ಮೊದಲೇ ವಾದ್ಯದೊಳಗೆ ಸದ್ದಿಲ್ಲದೆ ಬಿಸಿಯುಸಿರು ಹಾಯಿಸುತ್ತಾರೆ. ಒಳ್ಳೆಯ ವಾದ್ಯಸಂಯೋಜಕರು ಅದಕ್ಕೆ ಬೇಕಾದ ಬಿಡುವನ್ನು ಸ್ವರಲಿಪಿಯಲ್ಲಿಯೇ ಬಿಟ್ಟಿರುತ್ತಾರೆ. ಹೆಚ್ಚುವರಿ ವಾದ್ಯಕ್ಕೆ ಹೆಚ್ಚುವರಿ ವೇತನ ಕೊಡಬೇಕೆಂಬುದು ವಾದಕರ ಸಂಘದ ನಿಯಮ. ಆದರೂ ಅದು ಇನ್ನೊಬ್ಬ ವಾದಕನ ಸಂಬಳಕ್ಕಿಂತ ಬಹಳ ಕಡಿಮೆಯಾದ್ದರಿಂದ ನಿರ್ಮಾಪಕರು ಒಪ್ಪುತ್ತಾರೆ.

ಈ ಪದ್ಧತಿಯಿಂದ ಮರೆಯಲಾಗದ ನಾದಗಳು ಹುಟ್ಟಿವೆ. 1928ರಲ್ಲಿ ಬರ್ಲಿನ್ನಿನಲ್ಲಿ ಬ್ರೆಖ್ಟ್ ಮತ್ತು ಕುರ್ಟ್ ವೈಲ್‌ರ ‘ದಿ ತ್ರೀಪೆನ್ನಿ ಒಪೆರಾ’ ರಂಗವೇರಿದಾಗ ಲೂಯಿಸ್ ರೂತ್ ಬ್ಯಾಂಡ್‌ನ ಏಳೇ ಜನ ಮೂರು ಪಟ್ಟಿಗೂ ಮಿಕ್ಕಿದ ವಾದ್ಯಗಳನ್ನು ನಿಭಾಯಿಸಿದರು, ಟ್ರಾಂಬೋನ್ ವಾದಕನೇ ಡಬಲ್ ಬೇಸ್ ಕೂಡ ನುಡಿಸಬೇಕಾಗಿತ್ತು. ಸುಮಾರು ಅರ್ಧ ಶತಮಾನದ ಬಳಿಕ ಜಾನ್ ಕ್ಯಾಂಡರ್‌ನ ‘ಶಿಕಾಗೋ’ (1975) ಇದೇ ಜೋಡಣೆಯನ್ನು ತಿರುಗಿಸಿಕೊಂಡಿತು: ರಾಲ್ಫ್ ಬರ್ನ್ಸ್ ಮಾಡಿದ ವಾದ್ಯಸಂಯೋಜನೆಯಲ್ಲಿ ಡಬಲ್ ಬೇಸ್ ವಾದಕನೇ ಟ್ಯೂಬಾವನ್ನೂ ಎತ್ತಿಕೊಳ್ಳುತ್ತಾನೆ. 1920ರ ದಶಕದ ಅಮೆರಿಕನ್ ನೃತ್ಯವೃಂದಗಳಲ್ಲಿ ಒಬ್ಬನೇ ವಾದಕ ತಂತಿಯ ಬೇಸ್ ಮತ್ತು ಟ್ಯೂಬಾ ಎರಡನ್ನೂ ಬಲ್ಲವನಾಗಿರುತ್ತಿದ್ದನು; ಹೀಗಾಗಿ ಬರ್ನ್ಸ್‌ನ ಆಯ್ಕೆ ಕುರ್ಚಿಯನ್ನು ಉಳಿಸಿದ್ದಷ್ಟೇ ಅಲ್ಲ, ಕಥೆ ನಡೆಯುವ ದಶಕದ ವಾದಕನನ್ನೇ ಪಿಟ್‌ಗೆ ಕರೆತಂದಿತು. ಟ್ಯೂಬಾ ತಾಳದ ಮೊದಲ ಮತ್ತು ಮೂರನೆಯ ಪೆಟ್ಟಿನ ಮೇಲೆ ಹೆಜ್ಜೆಯೂರಿದೊಡನೆ ಸಂಗೀತ ಹಿಂದಿನ ಕಾಲಕ್ಕೆ ಜಾರುತ್ತದೆ, ತಂತಿಯ ಬೇಸ್ ಮರಳಿದೊಡನೆ ಅದರ ನಡಿಗೆ ಸಡಿಲವಾಗುತ್ತದೆ. 1985ರ ಲಂಡನ್ನಿನ ‘ಲೆ ಮಿಜರಾಬ್ಲ್’ನಲ್ಲಿ ಜಾನ್ ಕ್ಯಾಮರಾನ್ ಒಂದೇ ಬೇಸ್ ಟ್ರಾಂಬೋನ್ ಕುರ್ಚಿಗೆ ಟ್ಯೂಬಾವನ್ನು ಸೇರಿಸಿದ್ದೂ ಇದೇ ಜಾಣ್ಮೆಯ ಇನ್ನೊಂದು ರೂಪ.

ಫ್ಲೂಗಲ್‌ಹಾರ್ನ್ ಮಾತ್ರ ಡಬ್ಲಿಂಗ್‌ನಿಂದಾಗಿ ಅಪರೂಪದ ಸಾಲಿನಿಂದ ಬಹುತೇಕ ಹೊರಬಂದಿದೆ. ಬರ್ಟ್ ಬ್ಯಾಕರಾಕ್‌ನ ‘ಪ್ರಾಮಿಸಸ್, ಪ್ರಾಮಿಸಸ್’ (1968) ಜೊನಾಥನ್ ಟ್ಯೂನಿಕ್‌ನ ವಾದ್ಯಸಂಯೋಜನೆಯಲ್ಲಿ ರಂಗಕ್ಕೆ ಬಂದಾಗ, ಧ್ವನಿಮುದ್ರಿಕೆಗಳಲ್ಲಿ ಬ್ಯಾಕರಾಕ್‌ನ ಗುರುತಾಗಿದ್ದ ಆ ಮೃದುವಾದ ಹಿತ್ತಾಳೆ ಬ್ರಾಡ್‌ವೇ ಪಿಟ್‌ನಲ್ಲಿ ನೆಲೆಯಾಯಿತು. ಅಲ್ಲಿಂದ ಮುಂದೆ ಟ್ರಂಪೆಟ್ ವಾದಕನ ಪಕ್ಕದ ಸ್ಟ್ಯಾಂಡಿನಲ್ಲಿ ಫ್ಲೂಗಲ್‌ಹಾರ್ನ್ ಇರುವುದು ರೂಢಿಯ ಮಾತಾಯಿತು.

ಯುಫೋನಿಯಂಗೆ ಈ ಭಾಗ್ಯ ದೊರೆಯಲಿಲ್ಲ. ಟ್ರಾಂಬೋನ್ ವಾದಕರು ಅದನ್ನು ನುಡಿಸಬಲ್ಲರು, ಮೌತ್‌ಪೀಸ್‌ಗಳೂ ಹತ್ತಿರದವು, ಅಡ್ಡಿಯಾದದ್ದು ಸ್ತರ. ಅದು ಹಾಡುವ ಎತ್ತರದಲ್ಲಿ ಪಿಟ್‌ನಲ್ಲಿ ಚೆಲ್ಲೋ, ಹಾರ್ನ್, ಬಸೂನ್ ಮತ್ತು ರಂಗದ ಮೇಲಿನ ನಟರ ಕಂಠಗಳು ಆಗಲೇ ತುಂಬಿಕೊಂಡಿರುತ್ತವೆ, ಮಿತವ್ಯಯದ ಕಣ್ಣಿಗೆ ಅದು ಅನಗತ್ಯವಾಗಿ ಕಾಣುತ್ತದೆ. ಅದರ ಸಹಜವಾದ ಮನೆ ಉತ್ತರ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಹಿತ್ತಾಳೆ ಬ್ಯಾಂಡ್, ಹತ್ತು ಕಾರ್ನೆಟ್, ಮೂರು ಟೆನರ್ ಹಾರ್ನ್, ಎರಡು ಬ್ಯಾರಿಟೋನ್, ಎರಡು ಯುಫೋನಿಯಂಗಳನ್ನು ಒಳಗೊಂಡ ಸುಮಾರು 25 ಜನರ ವೃಂದ. ಗಣಿ ಮುಚ್ಚುವ ಹೊತ್ತಿನ ಬ್ಯಾಂಡೊಂದರ ಕಥೆಯಾದ ‘ಬ್ರಾಸ್ಡ್ ಆಫ್’ ಚಿತ್ರವನ್ನು ಪಾಲ್ ಅಲನ್ 1998ರಲ್ಲಿ ಶೆಫೀಲ್ಡ್‌ನ ರಂಗಕ್ಕೆ ಅಳವಡಿಸಿದ ಮೇಲೆ, ಆ ನಾಟಕವನ್ನು ಆಡುವ ಊರುಗಳಲ್ಲಿ ಸ್ಥಳೀಯ ಬ್ಯಾಂಡ್‌ಗಳೇ ವೇದಿಕೆಗೆ ಬರುವುದು ವಾಡಿಕೆಯಾಗಿದೆ. ಪಿಟ್ ಕೊಡಲಾರದ ಟೆನರ್ ಹಾರ್ನ್ ಮತ್ತು ಯುಫೋನಿಯಂಗಳು ಅಲ್ಲಿ ಪಾತ್ರಗಳಾಗಿಯೇ ಕಾಣಿಸಿಕೊಳ್ಳುತ್ತವೆ.

ವೇದಿಕೆಯ ಮೇಲೇರಿದ ಅಪರೂಪದ ವಾದ್ಯಗಳ ಸಾಲು ಚಿಕ್ಕದಾದರೂ ಅರ್ಥಪೂರ್ಣ. ‘ಜಿಪ್ಸಿ’ (1959) ನಾಟಕದಲ್ಲಿ ಮಜೆಪ್ಪಾ ಎಂಬ ನರ್ತಕಿಯ ಪಾತ್ರಧಾರಿಣಿ ತಾನೇ ಟ್ರಂಪೆಟ್ ಊದುತ್ತಾಳೆ. ‘ಗಾಡ್‌ಸ್ಪೆಲ್’ನಲ್ಲಿ (1971) ಯೋಹಾನನ ಪ್ರವೇಶಕ್ಕೆ ಶೋಫಾರ್, ಎಂದರೆ ಯೆಹೂದಿಗಳ ಆರಾಧನೆಯಲ್ಲಿ ಊದುವ ಟಗರಿನ ಕೊಂಬು, ಮೊಳಗುತ್ತದೆ, ಗಿಟಾರ್ ಮತ್ತು ಡ್ರಮ್‌ಗಳ ಆ ನಾಟಕಕ್ಕೆ ತುಟಿಕಂಪನದ ಅತಿ ಪ್ರಾಚೀನ ದನಿಯೊಂದೇ ಸಾಕಾಗಿ, ಹಿತ್ತಾಳೆಯ ವಿಭಾಗವೇ ಬೇಕಾಗಲಿಲ್ಲ. ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಸ್ಟೀಫನ್ ಸಾಂಡ್‌ಹೈಮ್‌ನ ‘ಸ್ವೀನಿ ಟಾಡ್’ ನಾಟಕವನ್ನು ಜಾನ್ ಡಾಯಲ್ 2005ರಲ್ಲಿ ಬ್ರಾಡ್‌ವೇಗೆ ತಂದ ಬಗೆ. ಅಲ್ಲಿ ಪಿಟ್ ಇರಲಿಲ್ಲ, ಹತ್ತು ನಟರೇ ವಾದ್ಯಗಳನ್ನು ನುಡಿಸಿದರು, ಮಿಸೆಸ್ ಲವೆಟ್ ಪಾತ್ರದ ಪ್ಯಾಟಿ ಲುಪೋನ್ ಟ್ಯೂಬಾ ಹೊತ್ತು ವೇದಿಕೆಗೆ ಬಂದಳು. ಮನುಷ್ಯ ಮಾಂಸದ ಪೈ ಮಾರುವ ಹೆಂಗಸಿನ ಕೈಯಲ್ಲಿ ಆ ಭಾರದ, ಗುರುಗುಟ್ಟುವ ವಾದ್ಯ ಅಂದಿನ ಪ್ರೇಕ್ಷಕರ ನೆನಪಿನಲ್ಲಿ ಉಳಿಯಿತು. ವಾದ್ಯಗಳನ್ನು ಹೊಸದಾಗಿ ಹಂಚಿದ ಸಾರಾ ಟ್ರಾವಿಸ್ 2006ರ ಟೋನಿ ಪ್ರಶಸ್ತಿ ಪಡೆದಳು. ಮೆಚ್ಚುವಾಗಲೂ ಒಂದು ಮಾತನ್ನು ಹೇಳಲೇಬೇಕು: 1979ರ ಮೂಲ ಪ್ರದರ್ಶನಕ್ಕೆ ಟ್ಯೂನಿಕ್ ಬರೆದ 26 ಜನರ ವೃಂದದಲ್ಲಿ ಟ್ರಾಂಬೋನ್‌ಗಳು ಕಾರ್ಖಾನೆಗಳ ಲಂಡನ್ನಿನ ದಟ್ಟ ಹೊಗೆಯನ್ನು ನಾದದಲ್ಲಿ ಕಟ್ಟಿಕೊಡುತ್ತವೆ, ಹತ್ತು ಜನ ಎಷ್ಟೇ ಪ್ರತಿಭಾವಂತರಾದರೂ ಅದು ಅವರ ಅಳವಿಗೆ ಮೀರಿದ್ದು.

ಕುರ್ಚಿಗಳ ಸಂಖ್ಯೆ ಹೇಗೆ ಇಳಿಯಿತೆಂಬುದು ದಾಖಲೆಯಲ್ಲಿರುವ ಸಂಗತಿ. ಬ್ರಾಡ್‌ವೇಯ ಪ್ರತಿಯೊಂದು ರಂಗಮಂದಿರಕ್ಕೂ ಕನಿಷ್ಠ ಇಷ್ಟು ವಾದಕರಿರಬೇಕೆಂಬ ಒಪ್ಪಂದವನ್ನು ನಿರ್ಮಾಪಕರು ತೆಗೆದುಹಾಕಲು ಹೊರಟಾಗ 2003ರ ಮಾರ್ಚ್‌ನಲ್ಲಿ ವಾದಕರ ಸಂಘವಾದ ಲೋಕಲ್ 802 ಮುಷ್ಕರ ಹೂಡಿತು, ನಟರೂ ರಂಗಕರ್ಮಿಗಳೂ ಜೊತೆಗೂಡಿದ್ದರಿಂದ ನಾಲ್ಕು ದಿನ ಬಹುತೇಕ ಎಲ್ಲ ಮ್ಯೂಸಿಕಲ್‌ಗಳೂ ನಿಂತವು. ಕೊನೆಗೆ ಅತಿ ದೊಡ್ಡ ರಂಗಮಂದಿರಗಳ ಕನಿಷ್ಠ ಸಂಖ್ಯೆ 24–26ರಿಂದ 18–19ಕ್ಕೆ ಇಳಿಯಿತು. ಲಂಡನ್ನಿನಲ್ಲಿ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ 2021ರಲ್ಲಿ ಮತ್ತೆ ಆರಂಭವಾದಾಗ ಅದರ 27 ವಾದಕರು 14 ಆಗಿದ್ದರು. ‘ಹ್ಯಾಮಿಲ್ಟನ್’ (2015) ಹತ್ತು ವಾದಕರಲ್ಲಿ ಒಂದೇ ಒಂದು ಹಿತ್ತಾಳೆ ವಾದ್ಯವನ್ನೂ ಇಟ್ಟುಕೊಂಡಿಲ್ಲ. ಅದರ ಸಂಗೀತದ ಸ್ವಭಾವಕ್ಕೆ ಅದು ಸಲ್ಲುವ ಆಯ್ಕೆ. ಆದರೆ ಬರೆದಿಟ್ಟ ಹಿತ್ತಾಳೆಯ ಸಾಲನ್ನು ಸಿಂಥಸೈಜರ್‌ಗೆ, ಎಂದರೆ ಮೊದಲೇ ಮುದ್ರಿಸಿಟ್ಟ ಸ್ವರಗಳನ್ನು ಕೀಲಿಮಣೆಯಿಂದ ಹೊರಡಿಸುವ ಯಂತ್ರಕ್ಕೆ, ವಹಿಸುವುದು ಬೇರೆಯೇ ಸಂಗತಿ. ನಿಜವಾದ ವಾದಕ ಗಾಯಕಿಯ ಉಸಿರು ತಡವಾದರೆ ತನ್ನ ಉಸಿರನ್ನೂ ತಡೆಯುತ್ತಾನೆ, ಸ್ವರದ ಮೊದಲ ಚುರುಕನ್ನು ಸಂದರ್ಭಕ್ಕೆ ತಕ್ಕಂತೆ ಮೃದುಗೊಳಿಸುತ್ತಾನೆ. ಮುದ್ರಿತ ಸ್ವರ ಪ್ರತಿ ಸಲವೂ ಒಂದೇ ಬಗೆಯಲ್ಲಿ ಹುಟ್ಟುತ್ತದೆ. ಕೆಳಸ್ತರದಲ್ಲಿ ಈ ವ್ಯತ್ಯಾಸ ಹೆಚ್ಚು ಎದ್ದು ಕಾಣುತ್ತದೆ, ಆದರೂ ಮೊದಲು ಕಡಿತಗೊಳ್ಳುವುದು ಟ್ಯೂಬಾವೇ.

ಎದುರು ಪ್ರಯತ್ನಗಳೂ ನಡೆದಿವೆ. 1982ರಲ್ಲಿ ನ್ಯೂಜೆರ್ಸಿಯ ಸಿಕಾಕಸ್‌ನ ಗೋದಾಮೊಂದರಲ್ಲಿ ಗರ್ಶ್‌ವಿನ್, ಕರ್ನ್, ಪೋರ್ಟರ್‌ರ ಮೂಲ ಹಸ್ತಪ್ರತಿಗಳ ಪೆಟ್ಟಿಗೆಗಳು ದೊರೆತ ಮೇಲೆ ಹಳೆಯ ಪಿಟ್ ಹೇಗೆ ಕೇಳಿಸುತ್ತಿತ್ತೆಂಬುದು ಊಹೆಯ ವಿಷಯವಾಗಿ ಉಳಿಯಲಿಲ್ಲ. 1994ರಿಂದ ನ್ಯೂಯಾರ್ಕ್ ಸಿಟಿ ಸೆಂಟರ್‌ನ ಎನ್‌ಕೋರ್ಸ್ ಮಾಲಿಕೆ ಹಳೆಯ ಮ್ಯೂಸಿಕಲ್‌ಗಳನ್ನು ವೃಂದವನ್ನು ವೇದಿಕೆಯ ಮೇಲೆಯೇ ಕೂರಿಸಿ ನುಡಿಸುತ್ತ ಬಂದಿದೆ. 2008ರಲ್ಲಿ ಲಿಂಕನ್ ಸೆಂಟರ್‌ನಲ್ಲಿ ‘ಸೌತ್ ಪೆಸಿಫಿಕ್’ ಪುನರಾರಂಭವಾದಾಗ, ಪ್ರಸ್ತಾವನಾ ಸಂಗೀತದ ನಡುವೆ ವೇದಿಕೆಯ ನೆಲ ಹಿಂದಕ್ಕೆ ಸರಿದು, ಬೆನೆಟ್‌ನ ಮೂಲ ಬರವಣಿಗೆಯನ್ನು ನುಡಿಸುತ್ತಿದ್ದ 30 ವಾದಕರು ಕಾಣಿಸಿಕೊಂಡರು, ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. 2023ರಲ್ಲಿ ‘ಸ್ವೀನಿ ಟಾಡ್’ ಕೂಡ ಟ್ಯೂನಿಕ್‌ನ 26 ಕುರ್ಚಿಗಳೊಡನೆ ಬ್ರಾಡ್‌ವೇಗೆ ಮರಳಿತು. ಇವು ವಿಶೇಷ ಸಂದರ್ಭಗಳೆಂಬುದು ನಿಜ. ಪ್ರವಾಸಿ ತಂಡಗಳಿಗೆ, ಶಾಲೆ ಕಾಲೇಜುಗಳಿಗೆ ಹಕ್ಕುದಾರ ಸಂಸ್ಥೆಗಳು ಬಾಡಿಗೆಗೆ ಕಳುಹಿಸುವ ಸ್ವರಪುಸ್ತಕಗಳಲ್ಲಿ ಕಡಿಮೆ ವಾದಕರಿಗೆ ಹೊಂದಿಸಿದ ಆವೃತ್ತಿಗಳೂ ಇರುತ್ತವೆ. ಅಂಥ ಆವೃತ್ತಿಗಳನ್ನು ಸಿದ್ಧಪಡಿಸುವವರು ಮೂಲದಲ್ಲಿ ಕಾರ್ನೆಟ್ ಅಥವಾ ಟ್ಯೂಬಾ ಇದ್ದ ಜಾಗವನ್ನು ಸ್ವರಪುಟದಲ್ಲಿ ಗುರುತಿಸಿಟ್ಟರೆ, ಊರಿನ ಬ್ಯಾಂಡ್‌ನಲ್ಲಿ ಆ ವಾದ್ಯ ನುಡಿಸುವ ಒಬ್ಬರಿರುವ ಕಡೆ ಆ ಸಾಲು ಮತ್ತೆ ತನ್ನ ವಾದ್ಯಕ್ಕೆ ಮರಳಬಹುದು.